ಹಳೆ ಕಂಪ್ಯೂಟರ್ ಆನ್ ಆಗ್ತಿಲ್ವಾ? ಮದರ್‌ಬೋರ್ಡ್ ಬದಲಿಸುವ ಮೊದಲು ಇಷ್ಟು ನೋಡಿ

“ಆನ್ ಆಗ್ತಿಲ್ಲ” ಅಂತ ಎಲ್ಲರೂ ಹೇಳುವುದು ಒಂದೇ ಮಾತು, ಆದರೆ ಅದರೊಳಗೆ ಮೂರು ಬೇರೆ ತೊಂದರೆಗಳಿವೆ. ಬಟನ್ ಒತ್ತಿದರೆ ಫ್ಯಾನೂ ತಿರುಗುವುದಿಲ್ಲ, ಲೈಟೂ ಹತ್ತುವುದಿಲ್ಲ ಅನ್ನುವುದು ಒಂದು. ಫ್ಯಾನ್ ತಿರುಗುತ್ತದೆ, ಮಾನಿಟರ್ ಮಾತ್ರ ಕಪ್ಪಗೇ ಇರುತ್ತದೆ ಅನ್ನುವುದು ಇನ್ನೊಂದು. ಕಂಪನಿ ಲೋಗೊ ಬಂದು, ವಿಂಡೋಸ್ ಬಾರದೆ ಅಲ್ಲೇ ನಿಲ್ಲುವುದು ಮೂರನೆಯದು. ಮೊದಲನೆಯದು ಕರೆಂಟಿನ ಕಡೆಯ ತೊಂದರೆ. ಎರಡನೆಯದು ಹೆಚ್ಚಾಗಿ ರ‍್ಯಾಮ್ ಮತ್ತು ಧೂಳಿನದು. ಮೂರನೆಯದು ಹಾರ್ಡ್ ಡಿಸ್ಕಿನದು ಇಲ್ಲವೇ ಬಯಾಸ್ (ಕಂಪ್ಯೂಟರನ್ನು ಮೊದಲು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಸೆಟ್ಟಿಂಗಿನದು. ಎಲ್ಲಿಯವರೆಗೆ ಬಂದು ನಿಂತಿತು ಅನ್ನುವುದನ್ನು ನೋಡದೆ ಒಂದೊಂದೇ ಸ್ಪೇರ್ ಬದಲಿಸುತ್ತ ಹೋದರೆ ಹೊಸ ಕಂಪ್ಯೂಟರಿನ ಅರ್ಧ ದುಡ್ಡು ಹಳೆಯದಕ್ಕೇ ಹೋಗುತ್ತದೆ. “ಬೋರ್ಡ್ ಹೋಗಿದೆ” ಅಂತ ಪಕ್ಕಕ್ಕೆ ಇಟ್ಟ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಬೋರ್ಡ್ ಸರಿಯಾಗಿಯೇ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ಹತ್ತು–ಇಪ್ಪತ್ತು ವರ್ಷದ ಡೆಸ್ಕ್‌ಟಾಪ್‌ಗಳ ಬಗ್ಗೆ: ಕೋರ್ ಟು ಡ್ಯುಯೊ, ಪೆಂಟಿಯಂ ಡ್ಯುಯಲ್ ಕೋರ್, ಎರಡು–ಮೂರನೇ ಜನರೇಷನ್ನಿನ ಐ3, ಐ5, ಇಲ್ಲವೇ ಆ ಕಾಲದ ಎಎಂಡಿ. ಸ್ಟಾರ್ ಸ್ಕ್ರೂಡ್ರೈವರ್, 2 ಇಂಚಿನ ಒಣ ಪೇಂಟ್ ಬ್ರಷ್, ಬಿಳಿ ರಬ್ಬರ್, ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಹೊಸ ಸಿಆರ್ 2032 ಸೆಲ್ (ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್) ಇದ್ದರೆ ಮುಕ್ಕಾಲು ಕೆಲಸ ಮನೆಯಲ್ಲೇ ಆಗುತ್ತದೆ.

ಕ್ಯಾಬಿನೆಟ್ ಬಿಚ್ಚುವ ಮೊದಲು ವೈರನ್ನು ಗೋಡೆಯ ಸಾಕೆಟ್‌ನಿಂದ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ನಮ್ಮ ಎಷ್ಟೋ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುತ್ತದೆ. ಮಾರ್ಚ್‌ನಿಂದ ಮೇವರೆಗಿನ ಒಣ ಹವೆಯಲ್ಲಿ ಮೈಯಲ್ಲಿ ಸ್ಟ್ಯಾಟಿಕ್ ಬೇಗ ಸೇರುತ್ತದೆ. ಹಾಗಾಗಿ ರ‍್ಯಾಮ್, ಬೋರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಜಾಗ ಒಮ್ಮೆ ಮುಟ್ಟಿ. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುವ ಪವರ್ ಸಪ್ಲೈ) ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 320 ವೋಲ್ಟ್ ಡಿಸಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

ಏನೂ ಅಲುಗಾಡದಿದ್ದರೆ

ಮೊದಲು ಪುಕ್ಕಟೆ ಕೆಲಸ. ಪವರ್ ವೈರ್ ಕಿತ್ತು, ಮುಂದಿನ ಬಟನ್ನನ್ನು 20–30 ಸೆಕೆಂಡ್ ಒತ್ತಿ ಹಿಡಿಯಿರಿ. ಐದು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ಕರೆಂಟ್ ಒಮ್ಮೆಲೇ ಹೋಗಿ ಬಂದಾಗ ಎಸ್‌ಎಂಪಿಎಸ್ ತನ್ನನ್ನು ತಾನೇ ಲಾಕ್ ಮಾಡಿಕೊಂಡಿರುತ್ತದೆ. ಒಳಗೆ ಉಳಿದ ಕರೆಂಟ್ ಪೂರ್ತಿ ಇಳಿಯುವ ತನಕ ಆ ಲಾಕ್ ಬಿಡುವುದಿಲ್ಲ. ಇಷ್ಟರಲ್ಲೇ ಎದ್ದುಬಿಡುವ ಕಂಪ್ಯೂಟರ್‌ಗಳೂ ಇವೆ.

ಏಳದಿದ್ದರೆ ಅದೇ ಸಾಕೆಟ್‌ಗೆ ಟೇಬಲ್ ಫ್ಯಾನ್ ಹಾಕಿ ನೋಡಿ. ಸ್ಪೈಕ್ ಬಸ್ಟರ್ ಬಿಟ್ಟು ನೇರವಾಗಿ ಗೋಡೆಗೆ ಹಾಕಿ. ಪವರ್ ಕಾರ್ಡ್ ಬದಲಿಸಿ. ಮಾನಿಟರಿನದೂ ಅದೇ ತರಹದ ಕಾರ್ಡ್ ಆಗಿರುತ್ತದೆ, ಅದಲುಬದಲು ಮಾಡಿ ನೋಡಬಹುದು. ಆಮೇಲೆ ಮಲ್ಟಿಮೀಟರನ್ನು ಎಸಿ 750ಕ್ಕೆ ಇಟ್ಟು ಸಾಕೆಟ್ ಅಳೆಯಿರಿ. 200ರಿಂದ 250ರೊಳಗೆ ಇದ್ದರೆ ಚಿಂತೆಯಿಲ್ಲ. ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ, ಹಳೆಯವುಗಳಲ್ಲಿ 180–264 ಅಂತಲೋ 200–240 ಅಂತಲೋ ಬರೆದಿರುತ್ತದೆ. ಏಪ್ರಿಲ್–ಮೇ ಸಂಜೆ ಓಣಿಯ ಕೂಲರ್‌ಗಳೆಲ್ಲ ಒಟ್ಟಿಗೆ ತಿರುಗುವಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಅದಕ್ಕಿಂತ ಕೆಳಗೆ ಹೋಗುತ್ತದೆ. ಬೆಳಗ್ಗೆ ಎದ್ದು ಸಂಜೆ ಏಳದ ಕಂಪ್ಯೂಟರಿಗೆ ಬಹಳ ಸಲ ಇದೇ ಕಾರಣ. ಎಸ್‌ಎಂಪಿಎಸ್ ಹಿಂದೆ 115/230 ಅಂತ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಬೇಕು. ಮಕ್ಕಳು ಆಡುತ್ತ 115ಕ್ಕೆ ಸರಿಸಿದ್ದರೆ, ಆನ್ ಮಾಡಿದ ಕ್ಷಣವೇ ಢಂ ಅಂದು ಹೊಗೆ ಬರುತ್ತದೆ, ಆಮೇಲೆ ಎಸ್‌ಎಂಪಿಎಸ್ ಹೊಸದೇ ಬೇಕು.

ಹೊರಗಿನದೆಲ್ಲ ಸರಿ ಇದ್ದರೆ ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಬೇಕು. ಬೋರ್ಡಿನ 24 ಪಿನ್ನಿನ ಅಗಲದ ಪ್ಲಗ್ (ತೀರಾ ಹಳೆಯದಾದರೆ 20 ಪಿನ್) ಮತ್ತು ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ನಿನ ಪ್ಲಗ್ ಎರಡನ್ನೂ ಕೀಳಿರಿ. ಹಳೆ ಡಿವಿಡಿ ಡ್ರೈವ್ ಒಂದನ್ನು ಲೋಡ್ ಆಗಿ ಹಾಗೆಯೇ ಬಿಡಿ, ಕೆಲವು ಹಳೆ ಎಸ್‌ಎಂಪಿಎಸ್‌ಗಳು ಲೋಡ್ ಇಲ್ಲದೆ ಏಳುವುದೇ ಇಲ್ಲ. ಈಗ ಕಾಗದದ ಕ್ಲಿಪ್ಪನ್ನು ಯು ಆಕಾರಕ್ಕೆ ಬಗ್ಗಿಸಿ ಅಗಲದ ಪ್ಲಗ್ಗಿನಲ್ಲಿ ಹಸಿರು ವೈರಿನ ತೂತಿಗೆ ಒಂದು ತುದಿ, ಪಕ್ಕದ ಕಪ್ಪು ವೈರಿನ ತೂತಿಗೆ ಇನ್ನೊಂದು ತುದಿ ಹಾಕಿ, ಆಮೇಲೆ ಕರೆಂಟ್ ಕೊಡಿ. ಹಸಿರು ವೈರ್ ಒಂದೇ ಇರುತ್ತದೆ. ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಹೋಗಿದೆ, ಇನ್ನು ಬೇರೇನೂ ಹುಡುಕಬೇಕಿಲ್ಲ.

ತಿರುಗಿತು ಅಂದಮಾತ್ರಕ್ಕೆ ಸರಿ ಇದೆ ಅಂತಲೂ ಅಲ್ಲ, ಬಹಳ ಮಂದಿ ಮೋಸ ಹೋಗುವುದು ಇಲ್ಲೇ. ಮೀಟರನ್ನು ಡಿಸಿ 20ಕ್ಕೆ ಇಟ್ಟು, ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ ಹಿಡಿದು ಅಳೆಯಿರಿ. ಹಳದಿ 11.4ರಿಂದ 12.6ರೊಳಗೆ, ಕೆಂಪು 4.75ರಿಂದ 5.25ರೊಳಗೆ, ಕಿತ್ತಳೆ 3.14ರಿಂದ 3.47ರೊಳಗೆ ಬರಬೇಕು. ನೇರಳೆ ವೈರಿನಲ್ಲಿ, ಕ್ಲಿಪ್ ತೆಗೆದರೂ ಸಾಕೆಟ್ ಆನ್ ಇರುವಷ್ಟು ಹೊತ್ತು 5 ವೋಲ್ಟ್ ಇರಬೇಕು. ಬಟನ್ ಒತ್ತಿದ್ದನ್ನು ಬೋರ್ಡ್ ಗುರುತಿಸುವುದೇ ಈ ನೇರಳೆ ವೈರಿನ ಕರೆಂಟಿನಿಂದ. ಬೂದು ಬಣ್ಣದ ವೈರಿನಲ್ಲೂ, ಎಸ್‌ಎಂಪಿಎಸ್ ಎದ್ದು ಅರ್ಧ ಸೆಕೆಂಡಿನೊಳಗೆ 5 ವೋಲ್ಟ್ ಬರಬೇಕು. ಅದು ಬರದಿದ್ದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಬೋರ್ಡ್ ಮಾತ್ರ ರೀಸೆಟ್‌ನಲ್ಲೇ ಉಳಿಯುತ್ತದೆ. ಕೊನೆಗೆ ಎಲ್ಲವನ್ನೂ ಬೋರ್ಡಿಗೆ ಹಾಕಿ, ಪ್ಲಗ್ಗಿನ ಹಿಂಬದಿಯಿಂದ ಕಡ್ಡಿ ತೂರಿಸಿ ಹಳದಿಯನ್ನು ಮತ್ತೊಮ್ಮೆ ಅಳೆಯಿರಿ. ಖಾಲಿ ಇದ್ದಾಗ 12.1 ತೋರಿಸಿ ಲೋಡ್ ಬಿದ್ದೊಡನೆ 11ಕ್ಕೆ ಇಳಿದರೆ ಆ ಎಸ್‌ಎಂಪಿಎಸ್‌ನ ಕಾಲ ಮುಗಿದಿದೆ.

ಎಸ್‌ಎಂಪಿಎಸ್ ಸರಿ, ಬೋರ್ಡಿನ ಮೇಲಿನ ಸಣ್ಣ ಲೈಟೂ ಉರಿಯುತ್ತಿದೆ, ಆದರೂ ಬಟನ್ನಿಗೆ ಉತ್ತರವಿಲ್ಲ ಅಂದರೆ ಬಟನ್ನನ್ನೇ ಅನುಮಾನಿಸಿ. ಬೋರ್ಡಿನ ಮೂಲೆಯಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್ ಇರುತ್ತವೆ. ಅಲ್ಲಿನ ವೈರ್ ಕಿತ್ತು ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಸೆಕೆಂಡ್ ಮುಟ್ಟಿಸಿ. ಎದ್ದರೆ ಬಟನ್ ಹಾಳು. ರೀಸೆಟ್ ಬಟನ್ನಿನ ವೈರನ್ನು ಪವರ್ ಪಿನ್ನಿಗೆ ಹಾಕಿಕೊಂಡರೆ ಕೆಲಸ ನಡೆಯುತ್ತದೆ.

ಫ್ಯಾನ್ ಒಮ್ಮೆ ಜರ್ಕ್ ಹೊಡೆದು ನಿಲ್ಲುತ್ತದೆ ಅಂದರೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ಅದನ್ನು ಕಂಡು ಕೈಬಿಡುತ್ತಿದೆ. ಮುಂದಿನ ಯುಎಸ್‌ಬಿ ಪೋರ್ಟ್‌ಗಳಲ್ಲಿ ನಾಲಿಗೆ ಮುರಿದು ಪಿನ್ನುಗಳು ಒಂದಕ್ಕೊಂದು ಅಂಟಿರುವುದು ಸಾಮಾನ್ಯ, ಬೋರ್ಡಿನಿಂದ ಆ ವೈರ್ ಕಿತ್ತು ನೋಡಿ. ಬೋರ್ಡಿನ ಕೆಳಗೆ ಬಿದ್ದ ಸ್ಕ್ರೂ, ಎಸ್‌ಎಂಪಿಎಸ್‌ನ ಗಾಳಿ ಕಿಂಡಿಯಲ್ಲಿ ಸತ್ತ ಹಲ್ಲಿ, ಇಲಿ ಕಡಿದ ವೈರ್ ಇವನ್ನೂ ಟಾರ್ಚ್ ಹಿಡಿದು ಹುಡುಕಿ. ಹಿಂದೆ ಖಾಲಿ ಸ್ಲಾಟಿನ ತಗಡು ಕಿತ್ತು ಹಾಗೇ ಬಿಟ್ಟ ಕ್ಯಾಬಿನೆಟ್ಟಿಗೆ ಇಲಿ ಹೋಗದೇ ಇರುವುದೇ ಅಪರೂಪ.

ಫ್ಯಾನ್ ತಿರುಗುತ್ತದೆ, ಮಾನಿಟರ್ ಕಪ್ಪು

ಮಾನಿಟರಿನ ಕೇಬಲ್ ಎಲ್ಲಿ ಹಾಕಿದ್ದೀರಿ ಅಂತ ಮೊದಲು ನೋಡಿ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಬೋರ್ಡಿನ ವಿಜಿಎ ಪೋರ್ಟಿಗೆ ಹಾಕಿದರೆ ಏನೂ ಬರದೇ ಇರಬಹುದು. ಕಾರ್ಡನ್ನೇ ಕಿತ್ತು ಬೋರ್ಡಿನ ಪೋರ್ಟಿಗೆ ಹಾಕಿ ನೋಡುವುದು ಇನ್ನೂ ಒಳ್ಳೆಯದು.

ಆಮೇಲೆ ಧೂಳು. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಧೂಳಿನ ಬಣ್ಣ ನೋಡಿಯೇ ಕಂಪ್ಯೂಟರ್ ಯಾವ ಊರಿನದು ಅಂತ ಹೇಳಬಹುದು. ಸಂಡೂರು, ತೋರಣಗಲ್ಲು ಕಡೆಯದಾದರೆ ಅದಿರಿನ ಕೆಂಪು ಹುಡಿ, ಗಿಣಿಗೇರಾ ಸುತ್ತಮುತ್ತಲಿನದಾದರೆ ಕಾರ್ಖಾನೆಯ ಕಪ್ಪು ಮಸಿ, ಗಂಗಾವತಿ, ಸಿಂಧನೂರಿನದಾದರೆ ರೈಸ್ ಮಿಲ್ಲಿನ ಹೊಟ್ಟು ಮತ್ತು ಬೂದಿ, ರಾಯಚೂರಿನ ಜಿನ್ನಿಂಗ್ ಮಿಲ್ ಹತ್ತಿರದ್ದಾದರೆ ಹತ್ತಿಯ ನಾರು. ಪ್ರೊಸೆಸರ್ ಮೇಲಿನ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಅದು ಕಂಬಳಿಯ ಹಾಗೆ ಕೂತಿರುತ್ತದೆ. ಮೇಲಿಂದ ನೋಡಿದರೆ ಫ್ಯಾನಷ್ಟೇ ಕಾಣುತ್ತದೆ, ಫ್ಯಾನ್ ಬಿಚ್ಚಿದಾಗಲೇ ಗೊತ್ತಾಗುವುದು. ಬೇಸಿಗೆಯಲ್ಲಿ ಇದು ಗಾಳಿ ತಡೆದು ಕಾಯಿಸುತ್ತದೆ, ಮಳೆಗಾಲದಲ್ಲಿ ತೇವ ಹೀರಿಕೊಂಡು ಪಿನ್ನುಗಳ ನಡುವೆ ಕರೆಂಟ್ ಸೋರಿಸುತ್ತದೆ. ಮನೆಯ ಹೊರಗೆ ತಂದು ಬ್ರಷ್ಷಿನಿಂದ ಬಿಡಿಸಿ ಬ್ಲೋವರಿನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿಯಿರಿ, ಜೋರು ಗಾಳಿಗೆ ಹುಚ್ಚೆದ್ದು ತಿರುಗಿದರೆ ಬೇರಿಂಗ್ ಹೋಗುತ್ತದೆ. ಬಾಯಿಂದ ಊದಬೇಡಿ, ಎಂಜಲು ಬೀಳುತ್ತದೆ. ಒದ್ದೆ ಬಟ್ಟೆಯ ಮಾತೇ ಬೇಡ.

ಧೂಳು ತೆಗೆದ ಮೇಲೆ ರ‍್ಯಾಮ್. ಸ್ಲಾಟಿನ ಎರಡೂ ತುದಿಯ ಕಿವಿ ತೆರೆದು ರ‍್ಯಾಮ್ ಎತ್ತಿ. ಕೆಳಗಿನ ಚಿನ್ನದ ಬಣ್ಣದ ಗೆರೆಗಳು ಮಸುಕಾಗಿದ್ದರೆ ಬಿಳಿ ರಬ್ಬರಿನಿಂದ ಗೆರೆ ಇರುವ ದಿಕ್ಕಿನಲ್ಲೇ, ಮೇಲಿಂದ ಕೆಳಕ್ಕೆ, ಎರಡೂ ಬದಿ ಮೆಲ್ಲಗೆ ಉಜ್ಜಿ. ಅಡ್ಡ ಉಜ್ಜಿದರೆ ಹುಡಿ ಪಕ್ಕದ ಗೆರೆಗೆ ಮೆತ್ತಿಕೊಳ್ಳುತ್ತದೆ. ರಬ್ಬರಿನ ಚೂರು ಸ್ಲಾಟಿಗೆ ಬೀಳದ ಹಾಗೆ ದೂರ ಹಿಡಿದು ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಅದರಲ್ಲಿ ಒರೆಸುವುದು ಇನ್ನೂ ಚೆಂದ. ಸ್ಲಾಟನ್ನೂ ಬ್ರಷ್ಷಿನಿಂದ ತೆಗೆಯಿರಿ. ಮರಳಿ ಹಾಕುವಾಗ ಕಚ್ಚು ಸರಿಹೊಂದಿಸಿ ಎರಡೂ ತುದಿ ಒತ್ತಿ, ಕಿವಿಗಳು ತಾವೇ ಟಕ್ ಅಂತ ಕೂಡಬೇಕು. ಕಿವಿಯನ್ನು ಕೈಯಿಂದ ಮುಚ್ಚಬೇಕಾಯಿತು ಅಂದರೆ ರ‍್ಯಾಮ್ ಪೂರ್ತಿ ಕೂತಿಲ್ಲ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಒಂದೊಂದು ಸ್ಲಾಟಿಗೆ ಹಾಕಿ ನೋಡಿ, ಆಗ ಕೆಟ್ಟದ್ದು ರ‍್ಯಾಮೋ ಸ್ಲಾಟೋ ತಿಳಿಯುತ್ತದೆ. ಬದಲಿ ರ‍್ಯಾಮ್ ತರುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನೇ, ಆದರೆ ಕಚ್ಚಿನ ಜಾಗ ಬೇರೆ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ.

ಬೋರ್ಡ್ ಬದುಕಿದೆಯೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆ ಒಂದಿದೆ. ಬೋರ್ಡಿಗೆ ಸಣ್ಣ ಬಜರ್ ಸ್ಪೀಕರ್ ಸಿಕ್ಕಿಸಿ (ಕ್ಯಾಬಿನೆಟ್ಟಿನಲ್ಲಿ ಇಲ್ಲದಿದ್ದರೆ ಬೇರೆ ಸಿಗುತ್ತದೆ), ರ‍್ಯಾಮ್ ಎಲ್ಲಾ ತೆಗೆದು, ಹಾರ್ಡ್ ಡಿಸ್ಕ್, ಡಿವಿಡಿ, ಕಾರ್ಡ್ ಎಲ್ಲ ಬಿಚ್ಚಿ ಆನ್ ಮಾಡಿ. ಬೀಪ್, ಬೀಪ್ ಅಂತ ಕೂಗಿದರೆ ಪ್ರೊಸೆಸರ್, ಬಯಾಸ್, ಬೋರ್ಡ್ ಮೂರೂ ಕೆಲಸ ಮಾಡುತ್ತಿವೆ, ರ‍್ಯಾಮ್ ಕೇಳುತ್ತಿವೆ ಅಷ್ಟೆ. ರ‍್ಯಾಮ್ ಇಲ್ಲದೆಯೂ ಮೌನವಾಗಿದ್ದರೆ ಬೋರ್ಡ್, ಪ್ರೊಸೆಸರ್ ಅಥವಾ 4 ಪಿನ್ನಿನ ಆ 12 ವೋಲ್ಟ್ ಪ್ಲಗ್ ಮೇಲೆ ಅನುಮಾನ ಪಡಬೇಕು. ಕ್ಯಾಬಿನೆಟ್ ಸ್ವಚ್ಛ ಮಾಡಿ ಮರಳಿ ಜೋಡಿಸಿದವರು ಅತಿ ಹೆಚ್ಚು ಮರೆಯುವ ಪ್ಲಗ್ ಅದೇ. ಅದಿಲ್ಲದಿದ್ದರೂ ಫ್ಯಾನ್‌ಗಳು ತಿರುಗುತ್ತವೆ, ಪ್ರೊಸೆಸರಿಗೆ ಮಾತ್ರ ಕರೆಂಟ್ ಇರುವುದಿಲ್ಲ.

ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಕಲೆ ಸೋರಿದ್ದರೆ ಅದು ಹೋಗಿದೆ. ಇವುಗಳ ಶಾಖ 10 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ, 40 ಡಿಗ್ರಿ ದಾಟುವ ಊರಿನಲ್ಲಿ ಶೋಕೇಸ್ ಒಳಗೆ ಕೂರಿಸಿದ ಕಂಪ್ಯೂಟರ್ ಬೇಗ ಸೋಲುವುದು ಇದಕ್ಕೇ. ಬದಲಿ ಹಾಕುವುದಾದರೆ ಮೈಕ್ರೊಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯ ಲೋ ಇಎಸ್‌ಆರ್ ಮಾಲು. ಮೈನಸ್ ಪಟ್ಟಿಯ ದಿಕ್ಕು ತಪ್ಪಿದರೆ ಸಿಡಿಯುತ್ತದೆ. ಬೋರ್ಡಿಗೆ ಹಲವು ಪದರಗಳಿರುವುದರಿಂದ ಮನೆಯ 25 ವ್ಯಾಟ್ ಸೋಲ್ಡರಿಂಗ್ ಐರನ್ ಶಾಖ ಸಾಲುವುದಿಲ್ಲ, ಕೈ ಕುದುರಿದವರಿಗೆ ಕೊಡಿ.

ಆನ್ ಆಗಿ ಒಂದೆರಡು ನಿಮಿಷಕ್ಕೆ ಆಫ್ ಆಗುವುದಾದರೆ ಪ್ರೊಸೆಸರ್ ವಿಪರೀತ ಬಿಸಿಯಾಗುತ್ತಿದೆ. ಇಂಟೆಲ್‌ನ ಹಳೆ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿರುತ್ತವೆ. ಪ್ರತಿ ಕಾಲಿನ ತಲೆಯನ್ನು ಬಾಣದ ಗುರುತಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆತ್ತಿದರೆ ಬಿಡುತ್ತದೆ. ಎಎಂಡಿಯದಾದರೆ ನೇರ ಎಳೆಯಬೇಡಿ. ಪ್ರೊಸೆಸರ್, ಕೂಲರ್ ನಡುವೆ ಹಚ್ಚಿದ, ಒಣಗಿದ ಥರ್ಮಲ್ ಪೇಸ್ಟಿಗೆ ಪ್ರೊಸೆಸರೇ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ ಬಾಗುತ್ತವೆ. ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿ ಬಿಡಿಸಿ. ಹಳೆ ಪೇಸ್ಟ್ ಒರೆಸಿ ಹೊಸದನ್ನು ನಡುವೆ ತೊಗರಿ ಬೇಳೆ ಒಂದರಷ್ಟು ಇಟ್ಟರೆ ಸಾಕು, ಕೂಲರ್ ಒತ್ತಿದಾಗ ತಾನೇ ಹರಡುತ್ತದೆ. ಹಾಕುವಾಗ ತಲೆಗಳನ್ನು ಮೊದಲಿನ ಸ್ಥಿತಿಗೆ ತಿರುಗಿಸಿಟ್ಟು, ಎದುರುಬದುರು ಕಾಲುಗಳನ್ನು ಜೋಡಿಯಾಗಿ ಒತ್ತಿ. ನಾಲ್ಕರಲ್ಲಿ ಒಂದು ಕಾಲು ಕೂಡದಿದ್ದರೂ ಕೂಲರ್ ಓರೆಯಾಗಿ ಮತ್ತೆ ಅದೇ ಗೋಳು.

ಲೋಗೊ ಬಂದು ನಿಲ್ಲುವುದು

ಪೆನ್ ಡ್ರೈವ್, ಕಾರ್ಡ್ ರೀಡರ್ ಎಲ್ಲ ಕಿತ್ತು ಒಮ್ಮೆ ನೋಡಿ. ಬಯಾಸ್ ಅದರಲ್ಲಿ ವಿಂಡೋಸ್ ಹುಡುಕುತ್ತ ಕೂತಿರಬಹುದು.

ಪ್ರತಿ ಸಲ ಎಫ್1 ಒತ್ತು ಅಂತ ಕೇಳುತ್ತಿದ್ದರೆ, ತಾರೀಖು ಯಾವುದೋ ಹಳೆ ವರ್ಷಕ್ಕೆ ಹೋಗಿದ್ದರೆ, ತಾರೀಖು ಮತ್ತು ಬಯಾಸ್ ಸೆಟ್ಟಿಂಗ್ ಉಳಿಸಿಡುವ ಸಿಮೋಸ್ ಸೆಲ್ ಮುಗಿದಿದೆ. ಸಿಆರ್ 2032 ಹೊಸದು 3 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸುತ್ತದೆ, 2.8ಕ್ಕಿಂತ ಕಡಿಮೆಯಾದರೆ ಬದಲಿಸಿಬಿಡಿ, ಪ್ಲಸ್ ಮೇಲೆ ಬರಬೇಕು. (ತಾರೀಖು ತಪ್ಪಿದ್ದರೆ ಸೇವಾ ಸಿಂಧು, ಬ್ಯಾಂಕಿನ ವೆಬ್‌ಸೈಟ್‌ಗಳೂ ತೆರೆಯುವುದಿಲ್ಲ. ನೆಟ್ ಸರಿಯಿಲ್ಲ ಅಂತ ಮಂದಿ ರೂಟರ್ ಬದಲಿಸಿದ್ದೂ ಉಂಟು.)

ಸೆಲ್ ಬದಲಿಸಿದ ಮೇಲೆ ಹೊಸದೊಂದು ತೊಂದರೆ ಹುಟ್ಟುತ್ತದೆ, ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಸುಮ್ಮನೆ ವಿಂಡೋಸ್ ಮತ್ತೆ ಹಾಕಿಸುತ್ತಾರೆ. ಸೆಲ್ ತೆಗೆದೊಡನೆ ಬಯಾಸ್ ತನ್ನ ಮೂಲ ಸೆಟ್ಟಿಂಗಿಗೆ ಮರಳುತ್ತದೆ. ಹಾರ್ಡ್ ಡಿಸ್ಕ್ ಮೊದಲು ಎಎಚ್‌ಸಿಐ ಮೋಡಿನಲ್ಲಿದ್ದದ್ದು ಐಡಿಇ ಆಗುತ್ತದೆ, ಅಥವಾ ಅದರ ಉಲ್ಟಾ (ಇವು ಬೋರ್ಡ್ ಡಿಸ್ಕಿನೊಡನೆ ಮಾತಾಡುವ ಎರಡು ಬಗೆ). ಆಗ ವಿಂಡೋಸ್ 7 ಲೋಗೊ ತೋರಿಸಿ, ನೀಲಿ ಪರದೆ ಮಿಂಚಿಸಿ ರೀಸ್ಟಾರ್ಟ್ ಆಗುತ್ತದೆ. ನಿಧಾನಿಸಿ ಓದಿದರೆ ಕೋಡಿನ ಕೊನೆಯಲ್ಲಿ 7ಬಿ ಅಂತ ಇರುತ್ತದೆ. ಬಯಾಸಿಗೆ ಹೋಗಿ (ಸಾಮಾನ್ಯವಾಗಿ ಡಿಲೀಟ್ ಅಥವಾ ಎಫ್2), ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಂಪರ್ಕ) ಮೋಡ್ ಹುಡುಕಿ, ಈಗ ಇರುವುದನ್ನು ಬಿಟ್ಟು ಇನ್ನೊಂದಕ್ಕೆ ಇಟ್ಟು ಸೇವ್ ಮಾಡಿ. ಕಾರಣ ಇದೇ ಆಗಿದ್ದರೆ ನೇರವಾಗಿ ವಿಂಡೋಸ್ ಬರುತ್ತದೆ. ಸೆಲ್ ಕೀಳುವ ಮೊದಲೇ ಬಯಾಸಿನ ಆ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಈ ಪರದಾಟವೇ ಇರುವುದಿಲ್ಲ.

ಬಯಾಸಿನಲ್ಲಿ ಹಾರ್ಡ್ ಡಿಸ್ಕಿನ ಹೆಸರೇ ಕಾಣದಿದ್ದರೆ ಸಾಟಾ ಕೇಬಲ್ ಬದಲಿಸಿ, ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ, ಎಸ್‌ಎಂಪಿಎಸ್‌ನ ಬೇರೆ ಪ್ಲಗ್ ಕೊಡಿ. ಡಿಸ್ಕ್ ಕಟ್, ಕಟ್ ಅಂತ ಒಂದೇ ಲಯದಲ್ಲಿ ಸದ್ದು ಮಾಡುತ್ತಿದ್ದರೆ ಕೂಡಲೇ ಆಫ್ ಮಾಡಿ. ಒಳಗಿನ ಹೆಡ್ ಸೋತಿದೆ, ಪ್ರತಿ ಸಲ ಆನ್ ಮಾಡಿದಾಗಲೂ ಡೇಟಾ ಕಳೆಯುತ್ತಿದೆ.

ಹೆಸರು ಕಾಣುತ್ತದೆ, ಸದ್ದಿಲ್ಲ, ವಿಂಡೋಸ್ ಮಾತ್ರ ಬರುತ್ತಿಲ್ಲ ಎಂದಾದರೆ ರಿಪೇರಿಗೆ ಕೈಹಾಕುವ ಮೊದಲು ಡೇಟಾ ತೆಗೆದುಕೊಳ್ಳಿ. ಈ ಕ್ರಮ ತಪ್ಪಬಾರದು. ಸೋತ ಡಿಸ್ಕಿನ ಮೇಲೆ ವಿಂಡೋಸಿನ ಚೆಕ್ ಡಿಸ್ಕ್ ಓಡಿಸಿದರೆ ಗಂಟೆಗಟ್ಟಲೆ ಓದಿ ಓದಿ ಅದು ಪೂರ್ತಿ ಕೈಕೊಡಬಹುದು. ಬೇರೆ ಕಂಪ್ಯೂಟರಿನಲ್ಲಿ ರೂಫಸ್ ಅನ್ನುವ ಪ್ರೋಗ್ರಾಂ ಬಳಸಿ 8 ಜಿಬಿ ಪೆನ್ ಡ್ರೈವಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ವ್ಯವಸ್ಥೆ) ಹಾಕಿ. ಹಳೆ ಬೋರ್ಡ್ ಆದ್ದರಿಂದ ಪಾರ್ಟಿಷನ್ ಬಗೆ ಎಂಬಿಆರ್ ಆರಿಸಿ. ಬೂಟ್ ಮೆನುವಿನಿಂದ (ಎಫ್12, ಎಫ್11, ಎಫ್8 ಬೋರ್ಡಿಗೆ ತಕ್ಕಂತೆ) ಪೆನ್ ಡ್ರೈವ್ ಆರಿಸಿದರೆ ಇನ್‌ಸ್ಟಾಲ್ ಮಾಡದೆಯೇ ಮಿಂಟ್ ತೆರೆಯುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೊಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೆ ಕಡತಗಳಿದ್ದರೆ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಒಯ್ಯಿರಿ. ಯುನಿಕೋಡ್ ಅಲ್ಲದ ಆ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ.

ಡೇಟಾ ಕೈಗೆ ಬಂದ ಮೇಲೆ ಮಿಂಟ್‌ನಲ್ಲೇ ಇರುವ ಡಿಸ್ಕ್ಸ್ ಅನ್ನುವ ಪ್ರೋಗ್ರಾಮಿನಲ್ಲಿ, ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವಿವರ ತೆರೆಯಿರಿ. ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ (ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ) ಎರಡೂ ಸೊನ್ನೆ ಇದ್ದರೆ ಡಿಸ್ಕ್ ಸದ್ಯಕ್ಕೆ ಗಟ್ಟಿ, ವಿಂಡೋಸ್ ಡಿವಿಡಿಯಿಂದ ಸ್ಟಾರ್ಟಪ್ ರಿಪೇರ್ ಓಡಿಸಬಹುದು. ಸೊನ್ನೆ ದಾಟಿ ಏರುತ್ತಿದ್ದರೆ ಡಿಸ್ಕನ್ನು ನಂಬಬೇಡಿ, 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ. ಹಳೆ ಬೋರ್ಡಿನ ಸಾಟಾ ವೇಗ ಅರ್ಧವೇ ಇದ್ದರೂ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಾಲು ಚುರುಕು. ಯಾವ ವಿಂಡೋಸ್ ಹಾಕಬೇಕು ಅನ್ನುವುದೇ ತಲೆನೋವು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, 11ಕ್ಕೆ ಈ ಯಂತ್ರಗಳು ಅರ್ಹವಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟನ್ನೇ ಹಾಕಿಕೊಳ್ಳುವುದು ವಾಸಿ.

ಬೋರ್ಡೇ ಹೋಗಿದೆ ಅಂತ ಖಾತ್ರಿಯಾದರೆ ಲೆಕ್ಕ ಹಾಕಿ. ಎರಡು–ಮೂರನೇ ಜನರೇಷನ್ನಿನ ಪ್ರೊಸೆಸರ್ ಇದ್ದರೆ ಅದಕ್ಕೆ ಹೊಂದುವ ಎಚ್61 ಬಗೆಯ ಬೋರ್ಡ್ ಒಂದನ್ನೇ ಹಾಕಿಸಿಕೊಂಡು, ಹಳೆ ಪ್ರೊಸೆಸರ್, ಡಿಡಿಆರ್3 ರ‍್ಯಾಮ್ ಮುಂದುವರಿಸಬಹುದು. ಕೋರ್ ಟು ಡ್ಯುಯೊ ಆದರೆ ಆ ಖರ್ಚು ಬೇಡ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ, ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ ಅಂದರೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಮೇನ್ಸಿನ ಅರ್ಧದಷ್ಟು ವೋಲ್ಟೇಜನ್ನು ಕ್ಯಾಬಿನೆಟ್ಟಿಗೆ ಸೋರಿಸುತ್ತವೆ, ಅರ್ಥ್ ಇದ್ದರೆ ಅದು ನೆಲಕ್ಕೆ ಇಳಿದುಹೋಗುತ್ತಿತ್ತು. ಎರೆ ಭೂಮಿಯ ಊರುಗಳಲ್ಲಿ ಬೇಸಿಗೆಗೆ ನೆಲ ಒಣಗಿ ಬಿರುಕು ಬಿಡುವಾಗ ಇದ್ದ ಅರ್ಥಿಂಗೂ ಸಂಪರ್ಕ ಕಳೆದುಕೊಳ್ಳುತ್ತದೆ, ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 5 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರೀಷಿಯನ್ನನ್ನು ಕರೆಯಿರಿ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಸುವವರು ಅದರ ಹಿಂದಿನ ಅಥವಾ ಮುಂದಿನ ಸಣ್ಣ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯೇ ನೋಡಿ. ಇನ್ನೊಂದು ಮೋಡಿನಲ್ಲಿ ಬದಲಾವಣೆ ನಿಧಾನ, ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಹಾರ್ಡ್ ಡಿಸ್ಕಿಗೆ ಪೆಟ್ಟು ಬೀಳುತ್ತದೆ.